ಹೊಸಕೋಟೆಯಿಂದ ಡಾಬಸ್‌ಪೇಟೆಗೆ, ಸ್ಪ್ಯಾನಿಷ್ ಹಾದಿಯಲ್ಲಿ

ನಮ್ಮ ಬೆಂಗಳೂರು ಗ್ರಾಮಾಂತರದ ಹಳ್ಳಿಗಳಲ್ಲಿ ‘ಹ’ಕಾರಕ್ಕೆ ಅಂಥಾ ಮರ್ಯಾದೆ ಏನಿಲ್ಲ. ಹಾಲು ‘ಆಲು’, ಹೂವು ‘ಊವು’, ಹೊಸಕೋಟೆ ‘ಒಸ್ಕೋಟೆ’. “ಸಂತೆಗೆ ಓಗ್ಬುಟ್ ಬತ್ತೀನಿ” ಅಂದರೆ ಮುಗೀತು, ಎಲ್ಲರಿಗೂ ಅರ್ಥ ಆಗುತ್ತೆ. ಇದೇ ಮಾತನ್ನು ಬೆಂಗಳೂರಿನ ಕಾಲೇಜಿನಲ್ಲಿ ಆಡಿದರೆ ಹಿಂದಿನ ಬೆಂಚಿನಿಂದ ನಗು ಕೇಳಿಸುತ್ತೆ. ಆದರೆ ಒಂದು ಕ್ಲಾಸ್ ಇದೆ, ಅಲ್ಲಿ ಈ ನಾಲಿಗೆಗೆ ಮೊದಲ ದಿನವೇ ಪೂರ್ತಿ ಮಾರ್ಕ್ಸು. ಅದು ಸ್ಪ್ಯಾನಿಷ್ ಕ್ಲಾಸು. ಸ್ಪ್ಯಾನಿಷ್‌ನಲ್ಲಿ ಎಚ್ ಅಕ್ಷರವನ್ನು ಬರೀತಾರೆ, ಉಚ್ಚರಿಸಲ್ಲ. ನಮಸ್ಕಾರಕ್ಕೆ ‘ಓಲಾ’, ಆಸ್ಪತ್ರೆಗೆ ‘ಒಸ್ಪಿತಾಲ್’, ಅಣ್ಣನಿಗೂ ತಮ್ಮನಿಗೂ ‘ಎರ್ಮಾನೊ’. ಮೂರೂ ಬರಹದಲ್ಲಿ ಎಚ್‌ನಿಂದಲೇ ಶುರು.

ಬೆಂಗಳೂರು ವಿಶ್ವವಿದ್ಯಾಲಯದ ಕಾಲದಿಂದಲೂ ನಗರದಲ್ಲಿ ಸ್ಪ್ಯಾನಿಷ್ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸುಗಳಿವೆ. ನಾನೂ ದೊಡ್ಡಬಳ್ಳಾಪುರದಿಂದ ಸುಮಾರು 40 ಕಿಲೋಮೀಟರ್ ಬಸ್ಸಲ್ಲಿ ಹೋಗಿ ಬಂದು ಕಲಿತವಳು. ಕಲಿಯೋಕೆ ಕಾರಣ ಎಲ್ಲರದ್ದೂ ಒಂದೇ: ಕೆಲಸ. 20 ದೇಶಗಳಲ್ಲಿ ಅಧಿಕೃತವಾಗಿರೋ ಭಾಷೆ, ಮೆಕ್ಸಿಕೊದಿಂದ ಅರ್ಜೆಂಟೀನಾದವರೆಗೆ ಗ್ರಾಹಕರು. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚು. ಆದರೆ ಆ ಕ್ಲಾಸು ನನಗೆ ಕಲಿಸಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮ ಜಿಲ್ಲೆಯ ಬಗ್ಗೆಯೇ. ಅದನ್ನ ಹೇಳೋಕೆ ಒಂದು ರಸ್ತೆ ಸಾಕು. ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ ದಾಟಿ ನೆಲಮಂಗಲ ತಾಲ್ಲೂಕಿನ ಡಾಬಸ್‌ಪೇಟೆ ಸೇರುವ ಹೆದ್ದಾರಿ. ಹಳಬರ ಬಾಯಲ್ಲಿ ಅದು ಇನ್ನೂ 207, ಈಗಿನ ನಂಬರು 648. ನಾಲ್ಕೂ ತಾಲ್ಲೂಕನ್ನು ಒಂದೇ ದಾರದಲ್ಲಿ ಪೋಣಿಸಿದ ರಸ್ತೆ ಇದು. ಬನ್ನಿ, ಪೂರ್ವದಿಂದ ಹೊರಡೋಣ.

ಹೊಸಕೋಟೆ: ಮೇಜು ಹೆಣ್ಣಾ, ಗಂಡಾ?

ಭಾನುವಾರ ಬೆಳಗಿನ ಜಾವ ಹೊಸಕೋಟೆ ಬಿರಿಯಾನಿಗೆ ಕ್ಯೂ ನಿಂತವರಿಗೆ ಗೊತ್ತು, ಅಲ್ಲಿ ಕಿವಿಗೆ ಎಷ್ಟು ಭಾಷೆ ಬೀಳುತ್ತೆ ಅಂತ. ಕನ್ನಡದಲ್ಲಿ ಆರ್ಡರ್, ಉರ್ದುವಿನಲ್ಲಿ ಲೆಕ್ಕ, ತೆಲುಗಿನಲ್ಲಿ ಹರಟೆ, ತಮಿಳಿನಲ್ಲಿ ಫೋನು. ಒಬ್ಬನೇ ಮನುಷ್ಯ ಹತ್ತು ನಿಮಿಷದಲ್ಲಿ ಮೂರು ಭಾಷೆ ಬದಲಿಸ್ತಾನೆ, ಅವನಿಗೆ ಅದು ವಿಶೇಷ ಅಂತಲೂ ಅನ್ನಿಸಲ್ಲ.

ಸ್ಪ್ಯಾನಿಷ್ ಕಲಿಯುವ ಕನ್ನಡಿಗರಿಗೆ ಮೊದಲ ತಲೆನೋವು ಲಿಂಗ. ಮೇಜಿಗೆ ‘ಮೇಸಾ’, ಅದು ಹೆಣ್ಣು. ಪುಸ್ತಕಕ್ಕೆ ‘ಲಿಬ್ರೊ’, ಅದು ಗಂಡು. ನಮಗೆ ನಿರ್ಜೀವ ವಸ್ತು ಎಲ್ಲವೂ ‘ಅದು’. ಆದರೆ ಶಾಲೆಯಲ್ಲಿ ಉರ್ದು ಓದಿದ ಹೊಸಕೋಟೆಯ ಹುಡುಗನಿಗೆ ಇದು ಹೊಸದಲ್ಲ. ಉರ್ದುವಿನಲ್ಲೂ ಮೇಜು ಹೆಣ್ಣೇ. ಪುಸ್ತಕ ಮಾತ್ರ ಅಲ್ಲಿ ಹೆಣ್ಣು, ಸ್ಪ್ಯಾನಿಷ್‌ನಲ್ಲಿ ಗಂಡು. ಲಿಂಗ ಯಾವುದು ಅಂತ ಬಾಯಿಪಾಠ ಮಾಡಬೇಕು ನಿಜ, ಆದರೆ ವಸ್ತುವಿಗೂ ಲಿಂಗ ಇರಬಹುದು ಅನ್ನೋದನ್ನ ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡದವರಿಗೆ ಬೇರೆ ಕಡೆ ಲಾಭ. ‘ಐ ಲೈಕ್ ಕಾಫಿ’ ಅನ್ನೋದನ್ನ ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಎಲ್ ಕಫೆ’ ಅಂತಾರೆ. ಇಂಗ್ಲಿಷ್‌ನಿಂದ ಬಂದವರು ಇಲ್ಲಿ ತಿಂಗಳುಗಟ್ಟಲೆ ಒದ್ದಾಡ್ತಾರೆ. ನಮಗೆ ಅದು ನೇರವಾಗಿ ‘ನನಗೆ ಕಾಫಿ ಇಷ್ಟ’. ‘ಮೆ ದುಎಲೆ ಲಾ ಕಬೆಸಾ’ ಅಂದರೆ ‘ನನಗೆ ತಲೆ ನೋಯ್ತಿದೆ’. ಹಾಗೇ ‘ಇರುವುದು’ ಅನ್ನೋದಕ್ಕೆ ಸ್ಪ್ಯಾನಿಷ್‌ನಲ್ಲಿ ಎರಡು ಕ್ರಿಯಾಪದ: ಸೆರ್, ಎಸ್ತಾರ್. ‘ಅವರು ಮೇಷ್ಟ್ರು’ ಅನ್ನುವಾಗ ನಾವು ‘ಇರು’ ಹಚ್ಚಲ್ಲ, ‘ಅವರು ಮನೇಲಿ ಇದ್ದಾರೆ’ ಅನ್ನುವಾಗ ಹಚ್ಚುತ್ತೀವಿ. ಮೊದಲನೇದು ಹೆಚ್ಚುಕಡಿಮೆ ಸೆರ್, ಎರಡನೇದು ಎಸ್ತಾರ್. ಸಲುಗೆಯ ‘ತೂ’, ಗೌರವದ ‘ಉಸ್ತೆದ್’ ಅಂದರೆ ನಮ್ಮ ನೀನು, ನೀವು. ಪಾಠಪುಸ್ತಕ ಇಂಗ್ಲಿಷ್‌ನಲ್ಲಿರುತ್ತೆ. ಅದನ್ನ ಒಂದು ಸಲ ಪಕ್ಕಕ್ಕಿಟ್ಟು ಮನೆಯ ಮಾತಿನ ಜೊತೆ ಹೋಲಿಸಿ ನೋಡಿದರೆ ಅರ್ಧ ವ್ಯಾಕರಣ ತಾನಾಗೇ ಕೂತುಬಿಡುತ್ತೆ.

ದೇವನಹಳ್ಳಿ: ತಳ್ಳುಗಾಡಿಯ ಮೇಲೆ ಶಬ್ದಕೋಶ

ಸೂಲಿಬೆಲೆ ದಾಟಿ ದೇವನಹಳ್ಳಿಗೆ ಬಂದರೆ ಒಂದು ಕಡೆ ಟಿಪ್ಪು ಹುಟ್ಟಿದ ಊರಿನ ಹಳೇ ಕೋಟೆ, ಇನ್ನೊಂದು ಕಡೆ 2008ರಲ್ಲಿ ಶುರುವಾದ ವಿಮಾನ ನಿಲ್ದಾಣ. ನಡುವೆ ಹಣ್ಣಿನ ತಳ್ಳುಗಾಡಿಗಳು. ಗಾಡಿಯ ಮುಂದೆ ನಿಂತು ಒಂದೊಂದೇ ಹಣ್ಣು ನೋಡಿ. ಸಪೋಟ ಅನ್ನೋದು ಮೆಕ್ಸಿಕೊದ ನಾವಾತ್ಲ್ ಭಾಷೆಯ ಮಾತು. ಸ್ಪ್ಯಾನಿಷ್‌ನಲ್ಲಿ ‘ಸಪೋತೆ’ ಆಗಿ, ಹಡಗು ಹತ್ತಿ ನಮ್ಮ ತೋಟಕ್ಕೆ ಬಂತು. ಟೊಮ್ಯಾಟೊ ಕೂಡ ಅದೇ ಭಾಷೆಯದ್ದು, ಸ್ಪ್ಯಾನಿಷ್‌ನಲ್ಲಿ ‘ತೊಮಾತೆ’. ಪಪ್ಪಾಯಿ ಅಲ್ಲೂ ‘ಪಪಾಯಾ’ನೇ. ನಮ್ಮ ಹಿರಿಯರು ಅದಕ್ಕೆ ‘ಪರಂಗಿ ಹಣ್ಣು’ ಅಂತ ಹೆಸರಿಟ್ಟು, ಪರಂಗಿಯವರು ತಂದದ್ದು ಅನ್ನೋ ಚರಿತ್ರೆಯನ್ನ ಹೆಸರಲ್ಲೇ ಬರೆದಿಟ್ಟರು.

ಮಾತುಗಳು ಇಲ್ಲಿಂದ ಆಚೆಗೂ ಹೋಗಿವೆ. ಸಕ್ಕರೆಗೆ ಸ್ಪ್ಯಾನಿಷ್‌ನಲ್ಲಿ ‘ಅಸೂಕಾರ್’. ಸಂಸ್ಕೃತದ ಶರ್ಕರ ಪರ್ಷಿಯನ್, ಅರಬ್ಬಿ ದಾಟಿ ಸ್ಪೇನ್ ಸೇರಿದಾಗ ಆದ ರೂಪ ಅದು. ನಮ್ಮ ‘ಸಕ್ಕರೆ’ಯೂ ಅದೇ ಶರ್ಕರದ ಮಗಳು. ಕಿತ್ತಳೆಗೆ ‘ನರಾಂಖಾ’. ಅದೂ ಇದೇ ದಾರಿ ಹಿಡಿದು ಹೋದ ‘ನಾರಂಗ’. ತೆಲುಗಿನಲ್ಲಿ ಇವತ್ತಿಗೂ ಕಿತ್ತಳೆ ‘ನಾರಿಂಜ’.

ದೇವನಹಳ್ಳಿಯ ಹೆಮ್ಮೆ ಚಕ್ಕೋತ. ಅದಕ್ಕೆ ಭೌಗೋಳಿಕ ಸೂಚ್ಯಂಕ, ಅಂದರೆ ಜಿಐ ಟ್ಯಾಗ್ ಇದೆ. ಸ್ಪೇನ್‌ನಲ್ಲಿ ‘ಪೊಮೆಲೊ’, ಮೆಕ್ಸಿಕೊದಲ್ಲಿ ‘ತೊರೊಂಖಾ’ ಅಂತ ಮಾರೋದು ಗ್ರೇಪ್‌ಫ್ರೂಟನ್ನ. ಚಕ್ಕೋತ ಮತ್ತು ಕಿತ್ತಳೆ ಕೂಡಿ ಕೆರಿಬಿಯನ್ ಕಡೆ ಹುಟ್ಟಿದ ಹಣ್ಣು ಅದು, ನಮ್ಮ ಚಕ್ಕೋತಕ್ಕೆ ಮಗನ ವರಸೆ. ಮಗ ಜಗತ್ತೆಲ್ಲ ಸುತ್ತುತ್ತಿದ್ದಾನೆ. ಇಲ್ಲಿ ಮಾತ್ರ ವಿಮಾನ ನಿಲ್ದಾಣ ಬಂದು ಭೂಮಿ ಬೆಲೆ ಏರಿದ ಮೇಲೆ ಚಕ್ಕೋತದ ಮರಗಳು ಕಡಿಮೆಯಾದವು, ಎಷ್ಟೋ ತೋಟ ಲೇಔಟ್ ಆದವು. ಹೆಸರು ಉಳಿದು ಗಿಡ ಹೋಗೋದು ಹೇಗೆ ಅಂತ ದೇವನಹಳ್ಳಿಗೆ ಚೆನ್ನಾಗಿ ಗೊತ್ತು. ಭಾಷೆಗೂ ಇದೇ ಆಗಬಹುದು. ಅದನ್ನ ನೋಡೋಕೆ ಮುಂದಿನ ಊರಿಗೆ ಹೋಗಬೇಕು.

ದೊಡ್ಡಬಳ್ಳಾಪುರ: ಕಿವಿ ಬಲ್ಲದ್ದು ಕೈಗೆ ಗೊತ್ತಿಲ್ಲ

ದೊಡ್ಡಬಳ್ಳಾಪುರ ಅಂದರೆ ಘಾಟಿ ಸುಬ್ರಹ್ಮಣ್ಯದಷ್ಟೇ ಮಗ್ಗ. ಹಳೇ ಕೇರಿಗಳಲ್ಲಿ ಪವರ್‌ಲೂಮ್ ಸದ್ದು ಮನೆಯ ಗೋಡೆಯೊಳಗಿಂದಲೇ ಬರುತ್ತೆ. ನೇಕಾರರ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ನಮ್ಮ ಮನೆಯೂ ಹಾಗೇ. ಅಮ್ಮ ಬಂದಳು ಅನ್ನೋದಕ್ಕೂ ಬಸ್ಸು ಬಂತು ಅನ್ನೋದಕ್ಕೂ ನಮ್ಮಲ್ಲಿ ‘ವಚ್ಚಿಂದಿ’ನೇ. ತೆಲುಗಿನಲ್ಲಿ ಅಡುಗೆ, ಜಗಳ, ಜೋಗುಳ ಎಲ್ಲಾ ಆಗುತ್ತೆ. ಆದರೆ ತೆಲುಗಿನ ಒಂದು ಬೋರ್ಡು ಕೊಟ್ಟರೆ ನಮ್ಮ ಮನೆಯಲ್ಲಿ ಯಾರೂ ಸರಾಗವಾಗಿ ಓದಲ್ಲ.

ಇಂಥವರಿಗೆ ಒಂದು ಹೆಸರಿದೆ ಅಂತ ನನಗೆ ತಿಳಿದದ್ದು ಸ್ಪ್ಯಾನಿಷ್‌ನಿಂದ. ಅಮೆರಿಕದಲ್ಲಿ 4 ಕೋಟಿಗೂ ಹೆಚ್ಚು ಜನ ಮನೆಯಲ್ಲಿ ಸ್ಪ್ಯಾನಿಷ್ ಆಡ್ತಾರೆ. ಅವರ ಮಕ್ಕಳು ಓದೋದು ಇಂಗ್ಲಿಷ್‌ನಲ್ಲಿ. ಆ ಮಕ್ಕಳು ವಿಶ್ವವಿದ್ಯಾಲಯಕ್ಕೆ ಬಂದಾಗ ‘ಓಲಾ’ದಿಂದ ಶುರುವಾಗುವ ಕ್ಲಾಸು ಅವರಿಗೆ ಬೇಡ, ಕಾದಂಬರಿ ಓದಿಸುವ ಕ್ಲಾಸು ಎಟುಕಲ್ಲ. ಹಾಗಾಗಿ ಅಲ್ಲಿನ ಅನೇಕ ವಿಶ್ವವಿದ್ಯಾಲಯಗಳು ಎರಡು ಬಾಗಿಲು ಇಟ್ಟಿವೆ. ಹೊಸದಾಗಿ ಕಲಿಯೋರಿಗೆ ಒಂದು, ‘ಹೆರಿಟೇಜ್’ ವಿದ್ಯಾರ್ಥಿಗಳಿಗೆ, ಅಂದರೆ ಮನೆಯಿಂದ ಭಾಷೆ ತಂದವರಿಗೆ, ಇನ್ನೊಂದು. ಎರಡನೇ ಬಾಗಿಲಲ್ಲಿ ಕಾಗುಣಿತ, ಓದು, ಬರಹದಿಂದ ಪಾಠ ಶುರು. ಟ್ರಕ್ಕಿಗೆ ‘ತ್ರೋಕಾ’, ಲಂಚ್‌ಗೆ ‘ಲೋಂಚೆ’ ಅನ್ನೋ ಮನೆಮಾತಿಗೆ ಹಿಂದೆ ಕೆಂಪು ಇಂಕು ಬೀಳ್ತಿತ್ತು. ಈಗ ಒಳ್ಳೆಯ ಮೇಷ್ಟ್ರುಗಳು ಹೀಗೆ ಕಲಿಸ್ತಾರೆ: ಅದು ತಪ್ಪಲ್ಲ, ಮನೆಯ ಮಾತು. ಅರ್ಜಿ ಬರೆಯೋಕೆ ಇನ್ನೊಂದು ಮಾತಿದೆ, ಅದನ್ನೂ ಕಲಿ.

ಇದನ್ನ ಓದುವಾಗ ನನಗೆ ಅಜ್ಜಿ ನೆನಪಾದಳು. ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆ, ಅಡ್ಡಕ್ಕೆ ಹೋಗುವ ಎಳೆ. ಕನ್ನಡದಲ್ಲಿ ಹಾಸು, ಹೊಕ್ಕು. ಅಜ್ಜಿಯ ತೆಲುಗಿನಲ್ಲಿ ಪಡುಗು, ಪೇಕ. ಸ್ಪ್ಯಾನಿಷ್‌ನಲ್ಲಿ ಉರ್ದಿಂಬ್ರೆ, ತ್ರಾಮಾ. ಈ ‘ತ್ರಾಮಾ’ಕ್ಕೆ ಸ್ಪ್ಯಾನಿಷ್‌ನಲ್ಲಿ ಇನ್ನೊಂದು ಅರ್ಥವೂ ಇದೆ, ಕಥೆಯ ಹೆಣಿಗೆ. ಸ್ಪ್ಯಾನಿಷ್ ಮಾತನ್ನ ನಾನು ನೋಟ್‌ಬುಕ್‌ನಲ್ಲಿ ಎರಡು ಸಲ ಬರೆದು ಕಲಿತೆ. ಅಜ್ಜಿಯ ಮಾತನ್ನ ನಮ್ಮ ಮನೆಯಲ್ಲಿ ಯಾರೂ ಒಂದು ಸಲವೂ ಬರೆದಿರಲಿಲ್ಲ. ಸೂರತ್ ಸೀರೆಯ ಪೈಪೋಟಿಯಲ್ಲಿ ಮಗ್ಗಗಳು ನಿಲ್ಲುತ್ತಿವೆ, ಮಕ್ಕಳು ಫ್ಯಾಕ್ಟರಿಗೆ, ಆಫೀಸಿಗೆ ಹೋಗ್ತಿದ್ದಾರೆ. ಮಗ್ಗ ನಿಂತರೆ ಆ ಮಾತುಗಳೂ ನಿಲ್ಲುತ್ತವೆ.

ಮನೆಮಾತು ಬೇರೆ ಆಗಿರೋದು ಕನ್ನಡಕ್ಕೆ ಯಾವತ್ತೂ ನಷ್ಟ ಅಲ್ಲ. ಮನೆಯಲ್ಲಿ ಮರಾಠಿ ಆಡ್ತಿದ್ದ ಬೇಂದ್ರೆ, ತಮಿಳು ಆಡ್ತಿದ್ದ ಮಾಸ್ತಿ, ಇಬ್ಬರೂ ಕನ್ನಡಕ್ಕೆ ಜ್ಞಾನಪೀಠ ತಂದವರು. ಒಂದು ಭಾಷೆ ಉಳಿಸಿಕೊಂಡರೆ ಇನ್ನೊಂದಕ್ಕೆ ಜಾಗ ಕಡಿಮೆ ಆಗಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ?

ಡಾಬಸ್‌ಪೇಟೆ: ಮೂರನೇ ಬಾಗಿಲು

ಇನ್ನು ಪಶ್ಚಿಮಕ್ಕೆ ಹೋದರೆ ಶಿವಗಂಗೆ ಬೆಟ್ಟ ಕಾಣಿಸುತ್ತೆ, ಡಾಬಸ್‌ಪೇಟೆಯ ಕೈಗಾರಿಕಾ ಪ್ರದೇಶ ಬರುತ್ತೆ. ಬೇರೆ ಬೇರೆ ರಾಜ್ಯದಿಂದ ಕೆಲಸಕ್ಕೆ ಬಂದವರ ಮಕ್ಕಳು ಸರ್ಕಾರಿ ಶಾಲೆಯಲ್ಲಿ ಕನ್ನಡ ಓದ್ತಾರೆ. ಮನೆಯಲ್ಲಿ ಹಿಂದಿಯೋ ಒಡಿಯಾವೋ. ಇನ್ನೊಂದು ಹತ್ತು ವರ್ಷಕ್ಕೆ ಅವರ ಮನೆಮಾತು, ನಮ್ಮ ತೆಲುಗಿನ ಹಾಗೆ, ಕಿವಿಯಲ್ಲಷ್ಟೇ ಉಳಿಯಬಹುದು.

ಈಗ ಇದೇ ರಸ್ತೆಯ ಆಚೀಚೆ ಎದ್ದಿರುವ ಗೇಟೆಡ್ ಲೇಔಟುಗಳನ್ನ, ಅಪಾರ್ಟ್‌ಮೆಂಟುಗಳನ್ನ ನೋಡಿ. ಅಲ್ಲಿ ಕನ್ನಡದ ಮನೆಗಳೂ ಇವೆ. ತಾತ ಕನ್ನಡದಲ್ಲಿ ಕೇಳ್ತಾರೆ, ಮೊಮ್ಮಗಳು ಇಂಗ್ಲಿಷ್‌ನಲ್ಲಿ ಉತ್ತರ ಕೊಡ್ತಾಳೆ. ಪ್ರಶ್ನೆ ಪೂರ್ತಿ ಅರ್ಥವಾಗಿರುತ್ತೆ. ಬಸ್ಸಿನ ಬೋರ್ಡು ಓದೋಕೆ ಮಾತ್ರ ಕಷ್ಟ. ನ್ಯೂಜೆರ್ಸಿಯ ಕನ್ನಡ ಕೂಟದವರು ವಾರಾಂತ್ಯದಲ್ಲಿ ಕ್ಲಾಸು ನಡೆಸಿ ಪಡುವ ಪಾಡು ವಿಧಾನಸೌಧದಿಂದ 40 ಕಿಲೋಮೀಟರ್ ದೂರದಲ್ಲಿ ಶುರುವಾಗಿದೆ. ನಮ್ಮ ನೆಲದಲ್ಲೇ ಕನ್ನಡ ಹೆರಿಟೇಜ್ ಭಾಷೆ ಆಗುತ್ತಿದೆ.

ನಿಮ್ಮಲ್ಲಿ ಎಂಜಿನಿಯರಿಂಗ್ ಓದಿದವರಿಗೆ ವಿಟಿಯುದ ಎರಡು ಕನ್ನಡ ಪಠ್ಯ ನೆನಪಿರಬಹುದು. ಕನ್ನಡ ಬಲ್ಲವರಿಗೆ ‘ಸಾಂಸ್ಕೃತಿಕ ಕನ್ನಡ’, ಬಾರದವರಿಗೆ ‘ಬಳಕೆ ಕನ್ನಡ’. ಎರಡು ಬಾಗಿಲು ಇಟ್ಟದ್ದು ಒಳ್ಳೆಯ ಯೋಚನೆ. ಆದರೆ ಆ ಲೇಔಟಿನ ಹುಡುಗಿ ಯಾವ ಬಾಗಿಲಲ್ಲಿ ಬರಬೇಕು? ಸಾಹಿತ್ಯದ ಪಾಠ ಓದೋಕೆ ಅವಳಿಗೆ ಅಕ್ಷರ ಬರಲ್ಲ. ‘ನಿಮ್ಮ ಹೆಸರೇನು’ ಅಂತ ಕಲಿಸೋಕೆ ಅವಳೇನು ಹೊಸಬಳಲ್ಲ. ಅವಳಿಗೆ ಬೇಕಿರೋದು ಮೂರನೇ ಬಾಗಿಲು: ಕಿವಿಯಲ್ಲಿ ಇರೋದನ್ನ ಕೈಗೆ ಇಳಿಸುವ ಒಂದು ಸೆಮಿಸ್ಟರ್. ದೊಡ್ಡಬಳ್ಳಾಪುರದ ತೆಲುಗು ಮನೆಯ ಹುಡುಗನಿಗೂ ಅದೇ. ಡಿಗ್ರಿಯ ಭಾಷಾ ಪಟ್ಟಿಯಲ್ಲಿ ತೆಲುಗು ಇರೋದು ಬೇರೆ, ಬಾಯಲ್ಲಿ ಬಂದು ಬರಹದಲ್ಲಿ ಬಾರದವರಿಗೆ ಪಾಠ ಇರೋದು ಬೇರೆ.

ವಿಶ್ವವಿದ್ಯಾಲಯ ಆ ಬಾಗಿಲು ತೆರೆಯುವ ತನಕ ಕಾಯಬೇಕಾಗಿಲ್ಲ. ಕನ್ನಡ ಓದಬಲ್ಲವರಿಗೆ ತೆಲುಗು ಲಿಪಿ ಹತ್ತಿರದ ನೆಂಟ, ತಲೆಕಟ್ಟು ನೋಡಿಕೊಂಡರೆ ಕೆಲವೇ ದಿನಗಳ ಕೆಲಸ. ನಾನು ಆ್ಯಪ್‌ನಲ್ಲಿ ಸ್ಪ್ಯಾನಿಷ್‌ಗೆ ಕೊಡ್ತಿದ್ದ ದಿನದ 15 ನಿಮಿಷದಲ್ಲಿ 5 ನಿಮಿಷ ಕಡಿತ ಮಾಡಿ ತೆಲುಗಿಗೆ ಕೊಟ್ಟೆ. ಈಗ ನೋಟ್‌ಬುಕ್‌ನಲ್ಲಿ ಮೂರು ಕಾಲಂ ಇದೆ: ಕನ್ನಡ, ಅಜ್ಜಿಯ ತೆಲುಗು, ಸ್ಪ್ಯಾನಿಷ್. ಮೊದಲ ಪುಟ ಪೂರ್ತಿ ಮಗ್ಗದ ಮಾತುಗಳು. ಮೂರನೇ ಕಾಲಂ ತುಂಬೋಕೆ ಡಿಕ್ಷನರಿ ಸಾಕು, ಯಾವಾಗ ಬೇಕಾದರೂ ತುಂಬಬಹುದು. ನಡುವಿನ ಕಾಲಂಗೆ ಇರೋದು ಅಜ್ಜಿ ಒಬ್ಬಳೇ, ಅವಳಿಗೆ ಈಗ ಎಂಬತ್ತು ದಾಟಿದೆ. ನಿಮ್ಮ ಮನೆಯಲ್ಲೂ ಅಂಥವರು ಇದ್ದರೆ, ಮುಂದಿನ ಸಲ ಊರಿಗೆ ಹೋದಾಗ ಒಂದು ಪೆನ್ನು ತಗೊಂಡು ಹೋಗಿ.