ಯಾರಿಗ್ರೀ ಈ ಸ್ವೆಟರು?

ಧಾರವಾಡದಲ್ಲಿ ಸ್ವೆಟರ್ ಹೆಣೆಯಲು ಕೂತವರಿಗೆ ಚಳಿಯ ನೆಪ ಬಹಳ ದಿನ ಒದಗುವುದಿಲ್ಲ. ಡಿಸೆಂಬರಿನ ನಡುರಾತ್ರಿಯಲ್ಲೂ ಇಲ್ಲಿ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುವುದು ಅಪರೂಪ. ಬೆಳಗಿನ ಏಳಕ್ಕೆ ಕುತ್ತಿಗೆವರೆಗೂ ಗುಂಡಿ ಹಾಕಿಕೊಂಡು ವಾಕಿಂಗಿಗೆ ಹೋದವರು ಒಂಬತ್ತಕ್ಕೆ ಅದನ್ನೇ ಸೊಂಟಕ್ಕೆ ಸುತ್ತಿಕೊಂಡು, ಕೈಯಲ್ಲೊಂದು ಮೆಂತೆ ಪಲ್ಯೆಯ ಸಿವುಡು ಹಿಡಿದು ಮರಳುತ್ತಾರೆ. ಆದರೂ ಬನ್ನಿ ಕೊಟ್ಟು ತಗೊಂಡು ‘ಬಂಗಾರದಂಗ ಇರೋಣ’ ಅಂದ ಮರುದಿನವೇ ನನ್ನ ಕಾಲು ಅಟ್ಟದ ಟ್ರಂಕಿನ ಕಡೆ ಹೋಗುತ್ತದೆ. ಮುಚ್ಚಳ ಎತ್ತಿದರೆ ಮೊದಲು ಡಾಂಬರುಗುಳಿಗೆಯ ವಾಸನೆ. ಅದರಡಿ ಉಲ್ಲನ್ ಉಂಡೆಗಳು, ಜೋಡಿ ತಪ್ಪಿದ ಕಡ್ಡಿಗಳು, ಹೋದ ವರ್ಷ ಮೊಣಕೈವರೆಗೆ ಬಂದು ನಿಂತ ಒಂದು ತೋಳು.

ಕ್ಯಾಲೆಂಡರಿನ ಚಿತ್ರಗಳಲ್ಲಿ ಶರತ್ಕಾಲವೆಂದರೆ ಕೆಂಪೆಲೆ ಉದುರುವ ಮರ. ನಮ್ಮ ಕಡೆ ಆ ಕಾಲಕ್ಕೆ ಯಾವ ಮರವೂ ಬೋಳಾಗುವುದಿಲ್ಲ. ಹಸ್ತದ ಮಳೆ ಹೋಗಿ ಚಿತ್ತಿ ಮಳೆ ಬರಲೋ ಬೇಡವೋ ಎನ್ನುತ್ತಿರುವಾಗ ಊರಾಚೆ ಗುರೆಳ್ಳಿನ ಹೊಲ ಹಳದಿಯಾಗಿರುತ್ತದೆ, ಎರೆಹೊಲದವರು ಹಿಂಗಾರಿ ಜೋಳದ ಬಿತ್ತಿಗೆಗೆ ಹದ ನೋಡುತ್ತಿರುತ್ತಾರೆ. ಸಂತೆಗೆ ಸೀತಾಫಲ ಬರುತ್ತದೆ, ಪೇರಲ ಬರುತ್ತದೆ, ಮಣ್ಣು ಮೆತ್ತಿದ ಹಸಿ ಶೇಂಗಾ ಬರುತ್ತದೆ. ಈ ಮೂರರಲ್ಲಿ ಹೆಣಿಗೆಯ ಜೊತೆ ಹೊಂದಿಕೊಂಡು ಹೋಗುವುದು ಪೇರಲ ಒಂದೇ. ಸೀತಾಫಲ ತಿಂದ ಬೆರಳು ಉಲ್ಲನ್ ಮುಟ್ಟಬಾರದು. ಕುದಿಸಿದ ಶೇಂಗಾದ ಉಪ್ಪುನೀರು ಕಡ್ಡಿಗೆ ಅಂಟುತ್ತದೆ, ಸಿಪ್ಪೆಯ ಚೂರು ಹೆಣಿಗೆಯೊಳಗೆ ಹೊಕ್ಕರೆ ಎರಡು ತೊಳೆತಕ್ಕೂ ಹೊರಗೆ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನ ಶೇಂಗಾಕ್ಕೆ, ಇಳಿಹೊತ್ತು ಕಡ್ಡಿಗೆ ಎಂದು ನಾನೊಂದು ಕಟ್ಟುಪಾಡು ಮಾಡಿಕೊಂಡಿದ್ದೇನೆ. ಪಾಲಿಸುತ್ತೇನೆ ಅಂತಲ್ಲ.

ಓಣಿಯ ತಿರುವಿನಲ್ಲಿರುವ ಆಕಾಶಮಲ್ಲಿಗೆ ಮರವೂ ಇದೇ ಹೊತ್ತಿಗೆ ಹೂ ಸುರಿಸಲು ಶುರುಮಾಡುತ್ತದೆ. ಬೆರಳಿನಷ್ಟುದ್ದದ ಬಿಳಿ ತೊಟ್ಟಿನ ಆ ಹೂಗಳನ್ನು ಸಾಲಿಗೆ ಹೊರಟ ಹುಡುಗಿಯರು ಆರಿಸಿಕೊಂಡು, ತೊಟ್ಟಿಗೆ ತೊಟ್ಟು ಹೊಸೆದು, ನಡೆಯುತ್ತ ನಡೆಯುತ್ತಲೇ ಮಾಲೆ ಮಾಡುತ್ತಾರೆ. ದಾರವಿಲ್ಲ, ಸೂಜಿಯಿಲ್ಲ, ಗಂಟಿಲ್ಲ. ಗಂಟೆ ಬಾರಿಸುವ ಹೊತ್ತಿಗೆ ಅದು ಬಾಡಿರುತ್ತದೆ. ಯಾರಿಗೆ ಈ ಮಾಲೆ ಎಂದು ಅವರನ್ನು ಯಾರೂ ಕೇಳುವುದಿಲ್ಲ.

ನನ್ನನ್ನು ಮಾತ್ರ ಕೇಳುತ್ತಾರೆ. ಕಟ್ಟೆಯ ಮೇಲೆ ಕಡ್ಡಿ ಹಿಡಿದು ಕೂತರೆ ಸಾಕು, ಹಾದುಹೋಗುವವರೆಲ್ಲ ನಿಂತು, “ಯಾರಿಗ್ರೀ ಈ ಸ್ವೆಟರು?” ಎನ್ನುತ್ತಾರೆ. ಮಮ್ಮಗನಿಗೆ ಅಂದರೆ ಸಮಾಧಾನ. ಮಗಳು ಅಮೆರಿಕಾದಲ್ಲಿದ್ದಾಳೆ, ಅಲ್ಲಿ ಹಿಮ ಬೀಳುತ್ತದೆ ಅಂದರೆ ಇನ್ನೂ ಸಮಾಧಾನ. “ಇನ್ನಾ ಗೊತ್ತಿಲ್ರೀ” ಎಂದರೆ ಮುಖ ಸಪ್ಪಗಾಗುತ್ತದೆ. ಎದುರುಮನೆಯವರು ಲೆಕ್ಕ ಬಲ್ಲವರು. “ವೈನಿ, ಇದರ ಉಲ್ಲನ್ ರೊಕ್ಕದಾಗ ಅಂಗಡ್ಯಾಗ ರೆಡಿಮೇಡ್ ಬರತಿತ್ತಲ್ಲ, ಮ್ಯಾಲೆ ಚಹಾಪುಡಿನೂ ಬರತಿತ್ತು” ಅನ್ನುತ್ತಾರೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ದೊಡ್ಡವರ ಒಂದು ಸ್ವೆಟರಿಗೆ 500 ಗ್ರಾಂ ಉಲ್ಲನ್ನಾದರೂ ಬೇಕು. ಉಲ್ಲನ್ ಎಂದು ಕರೆದರೂ ನಾವು ಕೊಳ್ಳುವುದರಲ್ಲಿ ಬಹುಪಾಲು ಅಕ್ರಿಲಿಕ್, ಅದರ ದಾರಿಯಲ್ಲಿ ಕುರಿ ಎಲ್ಲೂ ಎದುರಾಗಿರುವುದಿಲ್ಲ. ಇಷ್ಟಾಗಿ, ಸಂಜೆ ಕೆಲಗೇರಿ ಕೆರೆಯ ಕಡೆ ಕಾಲಾಡಿಸಲು ಹೊರಟವರನ್ನು ಯಾರಾದರೂ ತಡೆದು ‘ಯಾರ ಸಲುವಾಗಿ ನಡೀಲಿಕ್ಕತ್ತೀರಿ’ ಎಂದು ಕೇಳಿದ್ದುಂಟೆ?

ಬೇಕೇಬೇಕು ಎಂದು ಹೆಣೆದವರ ಕತೆ ಬೇರೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳ ಹೆಂಗಸರ ಹಳೆಯ ಫೋಟೋಗಳಿವೆ. ಬೆನ್ನ ಮೇಲೆ ಒಲೆಗೆ ಬೇಕಾದ ಒಣ ಜೌಗುಮಣ್ಣಿನ ಹೆಂಟೆಗಳ ಬುಟ್ಟಿ, ಬುಟ್ಟಿಯ ಭಾರಕ್ಕೆ ಬಾಗಿದ ಕತ್ತು, ಮುಂದೆ ಎರಡೂ ಕೈಗಳಲ್ಲಿ ಹೆಣಿಗೆ. ಮೈಲಿಗಟ್ಟಲೆ ನಡೆಯುವಾಗಲೂ ಕೈ ಖಾಲಿ ಬಿಡುವಂತಿರಲಿಲ್ಲ. 19ನೆಯ ಶತಮಾನದಲ್ಲಿ ಅವರ ಕಾಲುಚೀಲ, ಶಾಲುಗಳನ್ನು ಕೊಳ್ಳುತ್ತಿದ್ದ ವ್ಯಾಪಾರಿಗಳು ಎಷ್ಟೋ ಸಲ ರೊಕ್ಕ ಕೊಡದೆ, ತಮ್ಮದೇ ಅಂಗಡಿಯ ಚಹಾ, ಬಟ್ಟೆ ಅಳೆದು ಕೊಟ್ಟು ಕಳಿಸುತ್ತಿದ್ದರು. ಆ ಕೈಗಳ ಮುಂದೆ ನನ್ನದು ಬರೀ ಶೋಕಿ. ಶೋಕಿ ಎಂದು ಒಪ್ಪಿಕೊಂಡ ಮೇಲೆಯೇ ನನಗೆ ಹೆಣಿಗೆ ರುಚಿಸತೊಡಗಿದ್ದು. ಈ ಸ್ವೆಟರ್ ಇಲ್ಲದಿದ್ದರೆ ಯಾರೂ ನಡುಗುವುದಿಲ್ಲ. ಮುಗಿಯದಿದ್ದರೆ ಯಾರೂ ಬೈಯುವುದಿಲ್ಲ. ಮನೆಯ ಬೇರೆ ಯಾವ ಕೆಲಸಕ್ಕೆ ಈ ಭಾಗ್ಯ ಉಂಟು?

ಕಡ್ಡಿಗಳ ನಂಬರು ತಲೆಕೆಳಗು. ನಂಬರು ಏರಿದಷ್ಟೂ ಕಡ್ಡಿ ತೆಳು: 8 ನಂಬರಿನದು 4 ಮಿಲಿಮೀಟರ್ ದಪ್ಪ, 10 ನಂಬರಿನದು 3.25, 12 ನಂಬರಿನದು 2.75. ಕೆಳಗಿನ ಬಾರ್ಡರಿಗೆ 12, ಮೈಗೆ 10 ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಬಾರ್ಡರಿನಲ್ಲಿ ಒಂದು ಸೀದಾ, ಒಂದು ಉಲ್ಟಾ ಎಂದು ಹಾಕುತ್ತ ಹೋಗುವುದರಿಂದ ಅದು ಎಳೆದರೆ ಹಿಗ್ಗಿ, ಬಿಟ್ಟರೆ ಕುಗ್ಗಿ ಸೊಂಟವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಗಮನ ಬೇಕು, ಮಾತಾಡಬಾರದು. ಬಾರ್ಡರ್ ದಾಟಿ ಮೈಗೆ ಬಂದಿರೋ, ಒಂದು ಸಾಲು ಪೂರ್ತಿ ಸೀದಾ, ಮರುಸಾಲು ಪೂರ್ತಿ ಉಲ್ಟಾ. ಹೆಣಿಗೆಯ ಸುಖವೆಲ್ಲ ಈ ಬಯಲುಸೀಮೆಯಲ್ಲಿದೆ. ಡಿಸೈನು, ಕೇಬಲ್ಲು, ಜಾಳಿಗೆ ಎಂದು ಬೆನ್ನುಹತ್ತುವವರ ಬಗ್ಗೆ ನನಗೆ ಗೌರವವಿದೆ, ಅಸೂಯೆಯಿಲ್ಲ. ಬರಿಯ ಸಾಲಿನಲ್ಲಿ ಬೆರಳು ತನ್ನ ಪಾಡಿಗೆ ತಾನು ಕುಣಿಕೆ ಎತ್ತುತ್ತದೆ, ದಾರ ಸುತ್ತುತ್ತದೆ, ಇಳಿಸುತ್ತದೆ. ಮನಸ್ಸು ಅದರ ಮಗ್ಗುಲಲ್ಲಿ ಏನನ್ನೂ ಮಾಡದೆ ಕೂತಿರುತ್ತದೆ. ಬರೀ ಕೂತರೆ ಹೀಗೆ ಕೂಡಲು ಆಗುವುದಿಲ್ಲ, ಎರಡು ನಿಮಿಷಕ್ಕೆ ಗ್ಯಾಸಿನ ಬುಕಿಂಗ್ ನೆನಪಾಗುತ್ತದೆ.

ಒಂದೇ ಒಂದು ಶಿಸ್ತು ಉಂಟು. ಸಾಲಿನ ನಡುವೆ ಏಳಬಾರದು. ಅರ್ಧ ಸಾಲಿಗೆ ಇಟ್ಟರೆ ಕಡ್ಡಿಯಿಂದ ಕುಣಿಕೆ ಜಾರುತ್ತದೆ, ಜಾರಿದ ಕುಣಿಕೆ ಸುಮ್ಮನಿರದೆ ಕೆಳಗಿನ ಸಾಲುಗಳನ್ನೂ ಬಿಚ್ಚಿಕೊಂಡು ಇಳಿಯುತ್ತದೆ. ಹೀಗಾಗಿ ಹೆಣೆಯುವವರ ಮನೆಯಲ್ಲಿ ಹಾಲು ಉಕ್ಕುತ್ತದೆ, ಫೋನು ಬಡಿದುಕೊಂಡು ಸುಮ್ಮನಾಗುತ್ತದೆ, ಬಾಗಿಲಲ್ಲಿ ಬಂದವರಿಗೆ ಒಳಗಿನಿಂದ “ಬಂದೆ, ಬಂದೆ” ಎಂಬ ದನಿಯಷ್ಟೇ ಬರುತ್ತದೆ.

ಬಿಚ್ಚುವುದಕ್ಕೂ ಅದರದೇ ಸೊಗಸಿದೆ. ನಮ್ಮ ಅವ್ವನ ಕಾಲಕ್ಕೆ ಉಲ್ಲನ್ ಒಮ್ಮೆ ಮನೆಗೆ ಬಂದರೆ ಮತ್ತೆ ಹೊರಗೆ ಹೋಗುತ್ತಿರಲಿಲ್ಲ. ಅಣ್ಣನಿಗೆ ಗಿಡ್ಡಾದ ಸ್ವೆಟರನ್ನು ಕುತ್ತಿಗೆಯ ಕಡೆಯಿಂದ ಬಿಚ್ಚಿ, ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ಬಿಸಿನೀರಲ್ಲಿ ಅದ್ದಿ ನೆರಳಿಗೆ ತೂಗುಹಾಕುತ್ತಿದ್ದಳು. ವರ್ಷಗಟ್ಟಲೆ ಕುಣಿಕೆಯಾಗಿದ್ದು ಗುಂಗುರಾದ ದಾರ ಆ ನೀರಿನ ಭಾರಕ್ಕೆ ನೆಟ್ಟಗಾಗುತ್ತಿತ್ತು. ಆಮೇಲೆ ಯಾರಾದರೂ ಎರಡು ಕೈ ಚಾಚಿ ಲಡಿ ಹಿಡಿದು ಕೂಡಬೇಕು, ಅವ್ವ ಎದುರು ಕೂತು ಉಂಡೆ ಸುತ್ತಬೇಕು. ಆ ಕೆಲಸಕ್ಕೆ ಸಿಕ್ಕಿಬಿದ್ದವರು ಮೂಗು ತುರಿಸಿದರೂ ತಡೆದುಕೊಳ್ಳಬೇಕಾಗಿತ್ತು. ಮಿಲಿಟರಿಯಿಂದ ನಿವೃತ್ತರಾಗಿದ್ದ ನಮ್ಮ ಕಾಕಾ, ಇಡೀ ಮನೆಯಲ್ಲಿ ಯಾರ ಮಾತಿಗೂ ಜಗ್ಗದವರು, ಲಡಿ ಹಿಡಿದಾಗ ಮಾತ್ರ ಅವ್ವ ಹೇಳಿದ ಕಡೆಗೆ ಕೈ ಎಡಕ್ಕೆ ಬಲಕ್ಕೆ ವಾಲಿಸುತ್ತ ಕೂಡುತ್ತಿದ್ದರು. ಎರಡು ಹಳೆಯ ಸ್ವೆಟರ್ ಕೂಡಿ ಪಟ್ಟೆಪಟ್ಟೆಯ ಹೊಸದೊಂದು ಹುಟ್ಟುತ್ತಿತ್ತು. ಪಟ್ಟೆ ಎಲ್ಲಿ ಯಾಕೆ ಬಂತು ಎಂಬುದಕ್ಕೆ ಚೆಂದ ಕಾರಣವಲ್ಲ, ನೀಲಿ ದಾರ ಅಲ್ಲಿಗೆ ಮುಗಿದಿರುತ್ತಿತ್ತು.

ಉಲ್ಲನ್ ಕಡ್ಡಿ ಈ ಊರಿಗೆ ಹೊರಗಿನಿಂದ ಬಂದದ್ದು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು 1837ರ ಹೊತ್ತಿಗೆ ಧಾರವಾಡದಲ್ಲಿದ್ದರು. ಮಿಷನರಿ ಶಾಲೆಗಳಲ್ಲಿ ಹುಡುಗಿಯರಿಗೆ ಅಕ್ಷರದ ಜೊತೆಜೊತೆಗೆ ಸೂಜಿಕೆಲಸವೂ ಪಾಠವಾಗಿತ್ತು. ಆದರೆ ಎಣಿಸುವ ಬೆರಳು ಇಲ್ಲಿ ಅದಕ್ಕೂ ಮೊದಲೇ ತಯಾರಿತ್ತು. ಕಸೂತಿ ಎಂದರೆ ಎಣಿಕೆಯೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳದೆ, ಎಳೆ ಎಣಿಸಿ ಗೋಪುರ, ತೇರು, ಅಂಬಾರಿ ಆನೆ, ತುಳಸಿಕಟ್ಟೆ ಎಬ್ಬಿಸುವ ಕೆಲಸ ಅದು. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹಾಕಿದ ಹೊಲಿಗೆಯ ಖಾಲಿಯನ್ನು ಬರುವಾಗ ತುಂಬುತ್ತಾರೆ. ಮುರ್ಗಿ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತದೆ. ಗಂಟು ಹಾಕುವ ಮಾತೇ ಇಲ್ಲ, ಗವಂತಿ ಮುರ್ಗಿಗಳಲ್ಲಿ ಹಿಂದು ಮುಂದು ಒಂದೇ. ಇಳಕಲ್ಲ ಸೀರೆಯ ಸೆರಗಿನ ಮೇಲೆ ಕಣ್ಣು ನೆಟ್ಟು ಎಳೆ ಎಣಿಸಿದವಳಿಗೆ ಕಡ್ಡಿಯ ಮೇಲಿನ ಕುಣಿಕೆ ಎಣಿಸುವುದು ರಜೆಯ ಕೆಲಸ. ನಮ್ಮ ದೊಡ್ಡವ್ವ ಸ್ವೆಟರಿನ ಎದೆಯ ಮೇಲೆ ಕಸೂತಿಯ ನವಿಲನ್ನೇ ಎರಡು ಬಣ್ಣದಲ್ಲಿ ಹೆಣೆದಿದ್ದಳು. ಕುಣಿಕೆ ಅಗಲಕ್ಕಿಂತ ಗಿಡ್ಡ ಇರುತ್ತದಾದ್ದರಿಂದ ನವಿಲು ತುಸು ಕುಳ್ಳಗಾಗಿ ಕೋಳಿಯ ಕಡೆ ವಾಲಿತ್ತು. ಯಾರಿಗೂ ಹಾಗೆನ್ನುವ ಧೈರ್ಯವಿರಲಿಲ್ಲ.

ಕ್ರೋಶಾ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಒಂದು ಕಾಲಕ್ಕೆ ಮಧ್ಯಮವರ್ಗದ ಮನೆಗಳಲ್ಲಿ ಅದು ರೇಡಿಯೋಕ್ಕೆ ಹೊದಿಸಿತು, ಟಿವಿಗೆ ಹೊದಿಸಿತು, ಫೋನಿನ ಕಿವಿಗೂ ಅಂಗಿ ತೊಡಿಸಿತು. ಬಾಗಿಲಿಗೆ ಮಣಿತೋರಣ, ಕೈಗೆ ವೈರಿನ ಬುಟ್ಟಿ. ಬೆತ್ತಲಾಗಿ ಉಳಿದ ವಸ್ತುವೆಂದರೆ ಸೀಲಿಂಗ್ ಫ್ಯಾನು.

ಕಾರ್ತಿಕ ಬಂದರೆ ಕಡ್ಡಿ ಪಕ್ಕಕ್ಕೆ ಸರಿಯುತ್ತದೆ, ಬೇರೆ ಕೈಕೆಲಸಗಳ ಸರದಿ. ದೀಪಾವಳಿಗೆ ಹುಡುಗರು ಬಿದಿರಿನ ಸೀಳಿಗೆ ಬಣ್ಣದ ಹಾಳೆ ಅಂಟಿಸಿ ಆಕಾಶಬುಟ್ಟಿ ಕಟ್ಟುತ್ತಾರೆ. ಪೇಟೆಯ ಪ್ಲಾಸ್ಟಿಕ್ ಬುಟ್ಟಿ ಮಳೆ ಬಂದರೂ ಜಗ್ಗದು ನಿಜ, ಹಾಳೆಯದು ಒಳಗಿನ ಬೆಳಕನ್ನು ಸೋಸಿ ಕೊಡುತ್ತದೆ. ಪಾಡ್ಯದ ಬೆಳಿಗ್ಗೆ ಹೊಸ್ತಿಲಲ್ಲಿ ಸಗಣಿಯ ಪಾಂಡವರು, ತಲೆಗೆ ಚೆಂಡುಹೂ ಉತ್ರಾಣಿ. ದೀಪಕ್ಕೆ ಬತ್ತಿ ಬೇಕು. ಲಕ್ಷಬತ್ತಿಯ ವ್ರತ ಹಿಡಿದ ಅಜ್ಜಿಯರು ಬೀಜ ತೆಗೆದ ಹತ್ತಿಯನ್ನು ಹಿಂಜಿ, ಬೆರಳಿಗೆ ಚೂರು ಹಾಲು ಇಲ್ಲವೇ ವಿಭೂತಿ ಮುಟ್ಟಿಸಿಕೊಂಡು ಹೊಸೆಯುತ್ತ ಕೂಡುತ್ತಾರೆ. ಒಂದು ಲಕ್ಷ ಅಂದರೆ ಹುಡುಗಾಟವಲ್ಲ, ಅದರ ಡಬ್ಬಿ ಹೋದ ವರ್ಷದಿಂದಲೇ ತುಂಬುತ್ತಿರುತ್ತದೆ. ಸೊಸೆಯ ಮೇಲಿನ ದೂರು, ಮೊಣಕಾಲಿನ ನೋವು, ಧಾರಾವಾಹಿಯ ಖಳನಾಯಕಿ, ಎಲ್ಲವೂ ಆ ಹತ್ತಿಯೊಳಗೆ ಸೇರಿ ನಯವಾಗುತ್ತದೆ.

ಕಾರ್ತಿಕದ ಗೌರಿ ಹುಣ್ಣಿಮೆಗಂತೂ ನಾನು ಕಾಯುತ್ತೇನೆ, ವಯಸ್ಸಿಗೆ ತಕ್ಕದ್ದಲ್ಲದಿದ್ದರೂ. ಪೇಟೆಯಲ್ಲಿ ಸಕ್ಕರೆ ಆರತಿ ಬಂದಿರುತ್ತದೆ. ನೆನೆಸಿಟ್ಟ ಮರದ ಅಚ್ಚಿನ ಎರಡು ಹೋಳುಗಳನ್ನು ಜೋಡಿಸಿ ಬಿಗಿದು, ಕುದಿಯುವ ಸಕ್ಕರೆ ಪಾಕ ಹುಯ್ದು, ತಣಿದ ಮೇಲೆ ಬಿಚ್ಚಿದರೆ ಒಳಗಿಂದ ಆನೆ, ಒಂಟೆ, ತೇರು, ಗಿಳಿ. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿ ಸಾಲಾಗಿ ಇಟ್ಟುಕೊಂಡು ಗೌರಿಗೆ ಬೆಳಗಲು ಹೋಗುತ್ತಾರೆ. ಎಷ್ಟು ಚೆಂದದ ಕೆಲಸ, ಮರುದಿನ ಅದರ ಸೊಂಡಿಲು ಚಹಾದಲ್ಲಿ ಕರಗಿರುತ್ತದೆ. ಈ ಕೆಲಸಗಾರರನ್ನು ಕಂಡಾಗ ನನಗೆ ಒಂದು ಸಮಾಧಾನ. ನನ್ನ ಸ್ವೆಟರಾದರೂ ನಾಲ್ಕು ವರ್ಷ ಬಾಳುತ್ತದೆ.

ಅಷ್ಟರಲ್ಲಿ ಟಿಬೆಟನ್ನರ ಸ್ವೆಟರ್ ಸಾಲು ಬಂದಿರುತ್ತದೆ. 1966ರಲ್ಲಿ ನೆಲೆಯೂರಿದ ಮುಂಡಗೋಡದ ಟಿಬೆಟನ್ ಕಾಲೊನಿ ಇಲ್ಲಿಂದ ದೂರವಿಲ್ಲ. ಅವರು ಮಾರುವ ಸರಕಿನಲ್ಲಿ ಬಹುಪಾಲು ಲೂಧಿಯಾನಾದ ಮಿಷನ್ನುಗಳಲ್ಲಿ ಆದದ್ದು, ನಮ್ಮ ಎದುರುಮನೆಯವರ ಲೆಕ್ಕಕ್ಕೆ ಕೂಡುವಂಥದ್ದು. ನಾನು ಹೋಗುವುದು ಕೊಳ್ಳಲಿಕ್ಕಲ್ಲ, ಬಣ್ಣ ನೋಡಲಿಕ್ಕೆ. ಹೋದ ಸಲ ಅಂಗಡಿಯ ಮೂಲೆಯಲ್ಲಿ ಒಬ್ಬಾಕೆ, ನನ್ನ ವಾರಿಗೆಯವಳೇ ಇರಬೇಕು, ತೂಗುಹಾಕಿದ ನೂರಾರು ಸ್ವೆಟರುಗಳ ಅಡಿಯಲ್ಲಿ ಕೂತು ತಾನೊಂದು ಕಾಲುಚೀಲ ಹೆಣೆಯುತ್ತಿದ್ದಳು. ನಾಲ್ಕು ಗಿಡ್ಡ ಕಡ್ಡಿಯ ಮೇಲೆ ಕುಣಿಕೆ ಹಂಚಿಕೊಂಡು, ಐದನೆಯದರಿಂದ ಸುತ್ತು ಬರುತ್ತಿದ್ದಳು. ನಾನು ಬಗ್ಗಿ ನೋಡಿದೆ. ಆಕೆ ನನ್ನ ಮೈಮೇಲಿನದನ್ನು ನೋಡಿ, ಕೈ ಬಿಡುವಾಗಿದ್ದ ಒಂದು ಗಳಿಗೆಯಲ್ಲಿ ಅಂಚು ಹಿಡಿದು ತಿರುವಿ ಒಳಗಡೆಯನ್ನು ಪರೀಕ್ಷಿಸಿದಳು.

“ಬಾರಾ ನಂಬರ್?”

“ಬಾರ್ಡರಿಗೆ. ಮ್ಯಾಲೆ ಹತ್ತು.”

“ನೀವೇ ಮಾಡಿದ್ದಾ ಅಕ್ಕಾ?” ಎಂದವಳು ಸ್ಟೂಲು ಎಳೆದು ಕೊಟ್ಟಳು. ಹಿಮ್ಮಡಿ ತಿರುಗಿಸುವುದು ನನಗೆ ಎಂದೂ ಬಗೆಹರಿದಿರಲಿಲ್ಲ. ಅರ್ಧ ಸಾಲಿಗೇ ಹೊರಳಿ, ಪ್ರತಿ ಸಲ ಒಂದೊಂದು ಕುಣಿಕೆ ಹಿಂದೆ ಬಿಟ್ಟು, ಮತ್ತೆ ಅವನ್ನು ಒಂದೊಂದಾಗಿ ಕೂಡಿಸಿಕೊಳ್ಳುತ್ತ ಬಂದರೆ ಚೀಲ ತಾನಾಗಿ ಮಡಿಚಿ ಹಿಮ್ಮಡಿಯಾಗುತ್ತದೆ ಎಂದು ತೋರಿಸತೊಡಗಿದಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಮಂಕಿಕ್ಯಾಪ್ ಹಿಡಿದು ಎಷ್ಟು ಎಂದರು. ಆಕೆ ತಲೆಯೆತ್ತಲಿಲ್ಲ. ಮತ್ತೊಮ್ಮೆ ಕೇಳಿದರು, ತುಸು ಜೋರಾಗಿ.

“ತಡೀರಿ ಸಾಹೇಬರ,” ಎಂದೆ ನಾನೇ, “ಲೈನ್ ಮುಗೀಲಿ.”