ಬಾಣಂತಿ ಮನಿಗೆ ಮರಳುಗಾಡಿನ ಥಂಡಿ

ಮರಳುಗಾಡು ಅಂದ್ರ ಬಿಸಲು, ಧೂಳು, ಒಂಟಿ ಅಂತ ನಾವೆಲ್ಲಾ ತಿಳಕೊಂಡಿರ್ತೀವಿ. ಮಗಳ ಬಾಣಂತನಕ್ಕ ಅಮೇರಿಕಾದ ಅಲ್ಬುಕರ್ಕಿಗೆ ಹೊಂಟೇನಿ ಅಂದಾಗ ನಮ್ಮ ಓಣಿಯವ್ರು, ತೆಳ್ಳನ ಹತ್ತಿ ಸೀರಿ ಇಟ್ಕೋರಿ ಅಂದಿದ್ರು. ಖರೇ ಅಂದ್ರ ಈ ಊರು ಸಮುದ್ರ ಮಟ್ಟದಿಂದ ಸುಮಾರು 5,300 ಅಡಿ ಮ್ಯಾಲ ಅದ. ಮಳಿ ಕಡಿಮಿ, ಗಾಳಿಯೊಳಗ ಪಸಿ ಇಲ್ಲ, ಆಕಾಶದಾಗ ಮೋಡ ಇಲ್ಲ. ಹಗಲೆಲ್ಲಾ ಕಾಯ್ದ ನೆಲ ಸಂಜಿ ಆದ ಕೂಡಲೆ ಹೊದಿಕಿ ಕಿತ್ತೊಗದಂಗ ಬಿಸಿ ಬಿಟ್ಟು ಕೊಡ್ತದ. ಮಧ್ಯಾಹ್ನ ಅಂಗಳದಾಗ ಬಿಸಲು ಕಾಯಿಸಿಕೊಂಡು ಕೂತವ್ರು ರಾತ್ರಿ ಎರಡು ಕೌದಿ ಹುಡುಕಬೇಕು. ಡಿಸೆಂಬರ್, ಜನವರಿ ರಾತ್ರಿ ನೀರು ಹೆಪ್ಪುಗಟ್ಟೂದು ಇಲ್ಲಿ ವಿಶೇಷ ಅಲ್ಲ.

ಕೂಸು ಬರೂದು ಡಿಸೆಂಬರ್‌ನ್ಯಾಗ ಇತ್ತು. ನಾ ಬಂದದ್ದು ಅಕ್ಟೋಬರ್‌ನ್ಯಾಗ. ಆವಾಗಿಂದನ ಮನಿ ಬೆಚ್ಚಗ ಮಾಡೋ ಕೆಲಸ ಶುರು ಆತು.

ಮೊದಲನೇದು ಮಾಳಿಗಿ ಮ್ಯಾಲಿನ ಕೂಲರ್. ನಮ್ಮ ಕಡೆ ಬ್ಯಾಸಗ್ಯಾಗ ಕಿಟಕಿಗೆ ಇಡ್ತೀವಲ್ಲ, ನೀರು ಹನಿಸಿ ಗಾಳಿ ತಂಪು ಮಾಡೂದು, ಅದರ ದೊಡ್ಡಣ್ಣ. ಇಲ್ಲಿ ಅದಕ್ಕ ಸ್ವಾಂಪ್ ಕೂಲರ್ ಅಂತಾರ. ಒಣ ಹವಾದಾಗ ಇದು ಭಾಳ ಛಲೋ ಕೆಲಸ ಮಾಡ್ತದ. ಆದ್ರ ಥಂಡಿ ಬರೂ ಮೊದಲ ಅದರ ನೀರು ಬಂದ್ ಮಾಡಿ, ಟಾಕಿ ಖಾಲಿ ಮಾಡಿ, ಪೈಪಿನೊಳಗಿನ ನೀರು ಸುದ್ದಾ ತಗೀಬೇಕು. ಇಲ್ಲಾಂದ್ರ ನೀರು ಬರ್ಫ ಆಗಿ ಹಿಗ್ಗಿ ಪೈಪ್ ಒಡೀತದ. ಆಮ್ಯಾಲ ಅದರ ಗಾಳಿ ಮನಿಯೊಳಗ ಬರೋ ದಾರಿಗೆ ಒಂದು ತಗಡು ಸರಿಸಿ ಮುಚ್ಚೂದು, ಹೊರಗ ತಾಡಪತ್ರಿ ಕಟ್ಟೂದು. ಆ ತಗಡು ಹಾಕಲಿಲ್ಲಂದ್ರ ಬಿಸಿ ಗಾಳಿ ಹಗುರ ಇರ್ತದಲ್ಲ, ಮ್ಯಾಲೇರಿ ಅದೇ ದಾರಿಲೆ ಹೊರಗ ಹೋಗ್ತದ. ಅಳಿಯಂದ್ರು ಮಾಳಿಗಿ ಹತ್ತಿ ಕಟ್ಟಿದ್ರು, ನಾ ಕೆಳಗ ನಿಂತು ನಿಚ್ಚಣಿಕಿ ಹಿಡಿದಿದ್ದೆ. ಓಣಿ ತುಂಬ ಹಸಿ ಮೆಣಸಿನಕಾಯಿ ಸುಡೋ ವಾಸನಿ. ಈ ರಾಜ್ಯದ ಮಂದಿ ನಮ್ಮ ಬ್ಯಾಡಗಿ ಕಡೆಯವ್ರಂಗ ಮೆಣಸಿನಕಾಯಿ ಮ್ಯಾಲ ಜೀವ ಇಟ್ಕೊಂಡವ್ರು. ಕೆಂಪು ಮೆಣಸಿನಕಾಯಿ ಸರ ಮಾಡಿ ಬಾಗಲಕ್ಕ ತೂಗು ಹಾಕ್ತಾರ.

ಎರಡನೇದು ಫರ್ನೇಸ್. ಒಂದು ಸಣ್ಣ ಕ್ವಾಣ್ಯಾಗ ನಿಂತಿರೋ ಗ್ಯಾಸಿನ ಒಲಿ ಅಂತ ತಿಳೀರಿ. ಉರಿ ಒಂದು ಲೋಹದ ಗೂಡಿನೊಳಗ, ಮನಿ ಗಾಳಿ ಅದರ ಹೊರಮೈಗೆ ತಾಗಿ ಕಾಯ್ದು ಎಲ್ಲಾ ಖೋಲಿಗೂ ಹೋಗ್ತದ. ಸುಟ್ಟ ಗಾಳಿ ಬ್ಯಾರೆ ಕೊಳವಿಲೆ ಮಾಳಿಗಿ ಮ್ಯಾಲ ಹೋಗ್ತದ. ಈ ಎರಡು ಗಾಳಿ ಎಂದೂ ಕೂಡಬಾರದು. ಚೆಕ್ ಮಾಡ್ಲಿಕ್ಕೆ ಬಂದ ಮೆಕ್ಯಾನಿಕ್ ಬ್ಯಾಟರಿ ಹಿಡಿದು ನೋಡಿ, ಆ ಗೂಡಿಗೆ ಬಿರುಕು ಬಿಟ್ಟದ ಅಂದ. ಅಲ್ಲೇ ಗ್ಯಾಸ್ ಬಂದ್ ಮಾಡಿ ಕೆಂಪು ಚೀಟಿ ಕಟ್ಟಿ ಹೋದ. ಬಾಡಿಗಿ ಮನಿ, ಮಾಲಕರು ಹೊಸಾದು ಕೂಡಿಸಲಿಕ್ಕೆ ಹನ್ನೊಂದು ದಿನ ತಗೊಂಡ್ರು. ಮಗಳು ತುಂಬಿದ ಬಸರಿ. ಎರಡು ಕರೆಂಟಿನ ಹೀಟರ್ ತಂದ್ವಿ. ಅವನ್ನ ನೇರ ಗ್ವಾಡಿ ಪ್ಲಗ್ಗಿಗೇ ಹಾಕಬೇಕು, ಎಕ್ಸ್‌ಟೆನ್ಶನ್ ವಾಯರಿಗೆ ಹಾಕಿದ್ರ ವಾಯರ್ ಕಾಯ್ದು ಬೆಂಕಿ ಹತ್ತಬಹುದು. ಪಡದೆ, ಹಾಸಿಗಿ ಎಲ್ಲಾ ಮೂರು ಅಡಿ ದೂರ.

ಇದೇ ಹೊತ್ತಿಗೆ ಊರಿಂದ ನಾದಿನಿ ಫೋನು. "ವೈನಿ, ಅಷ್ಟ್ಯಾಕ ಒದ್ದಾಡ್ತೀರಿ? ಒಂದು ಅಗ್ಗಿಷ್ಟಿಗಿ ತಗೊಂಡು ಇದ್ದಲಿ ಹಾಕ್ರಿ, ಹೊರಸಿನ ಕೆಳಗ ಇಡ್ರಿ. ನಮ್ಮೆಲ್ಲಾರ ಬಾಣಂತನ ಹಂಗ ಆಗ್ಯಾವ, ಏನಾಗೇದ?"

ಏನೂ ಆಗಿಲ್ಲ, ಖರೇ. ಯಾಕ ಆಗಿಲ್ಲ ಅಂತ ವಿಚಾರ ಮಾಡ್ರಿ. ನಮ್ಮ ಮಣ್ಣಿನ ಮಾಳಿಗಿ ಮನಿಗೆ ಬೆಳಕಿಂಡಿ ಇತ್ತು, ಬಾಗಲ ಸಂದಿಯೊಳಗ ಬೆರಳು ಹೋಗ್ತಿತ್ತು, ಕೆಂಡ ಹೊರಗ ಅಂಗಳದಾಗ ಹೊತ್ತಿಸಿ ಹೊಗಿ ಹೋದ ಮ್ಯಾಲ ಒಳಗ ತರ್ತಿದ್ರು, ಬಾಣಂತಿ ಕಡೆ ಯಾರರ ಒಬ್ರು ಎಚ್ಚರ ಇರ್ತಿದ್ರು. ಇಲ್ಲಿ ಕಿಟಕಿಗೆ ಎರಡು ಪದರ ಕಾಜು, ಬಾಗಲಿಗೆ ರಬ್ಬರ್ ಪಟ್ಟಿ. ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಅನ್ನೋ ಗಾಳಿ ಬರ್ತದ. ಅದಕ್ಕ ವಾಸನಿ ಇಲ್ಲ, ಬಣ್ಣ ಇಲ್ಲ. ತಲಿನೋವು, ತಲಿ ತಿರಗೂದು, ವಾಂತಿ ಬಂದಂಗ ಆಗೂದು, ಆಮ್ಯಾಲ ನಿದ್ದಿ. ಮಲಗಿದವ್ರು ಏಳಂಗಿಲ್ಲ. ಹೊಗಿ ಇಲ್ಲದ ಕೆಂಡಕ್ಕ ಏನೂ ಆಗಂಗಿಲ್ಲ ಅನ್ನೂದು ಸುಳ್ಳು. ಬಿರುಕು ಬಿಟ್ಟ ಫರ್ನೇಸಿನಿಂದ ಆ ಮೆಕ್ಯಾನಿಕ್ ಅಂಜಿದ್ದು ಇದೇ ಗಾಳಿಗೆ. ಅದನ್ನ ನಾನಾಗೇ ಹೊರಸಿನ ಕೆಳಗ ಇಡಲ್ಯಾ?

ನಾದಿನಿಗೆ ಸಿಟ್ಟು ಬಂತು, ನಾಕು ದಿನ ಫೋನ್ ಮಾಡಲಿಲ್ಲ. ಬರಲಿ ಬಿಡ್ರಿ. ಇದನ್ನ ನಿಮಗೂ ಹೇಳ್ತೇನಿ. ಧಾರವಾಡ, ಹುಬ್ಬಳ್ಳಿ ಒಳಗ ಈಗಿನ ಫ್ಲ್ಯಾಟ್‌ಗಳು ಇಲ್ಲಿ ಮನಿಯಂಗನ ಬಿಗಿ ಆಗ್ಯಾವ. ಅಂಥಾದ್ರಾಗ ಬಾಗಲು ಹಾಕ್ಕೊಂಡು ಕೆಂಡ ಇಡಬ್ಯಾಡ್ರಿ. ಕಿಟಕಿ ಇಲ್ಲದ ಬಚ್ಚಲದಾಗ ಗ್ಯಾಸ್ ಗೀಸರ್ ಇದ್ರ ಅದನ್ನೂ ಹೊರಗ ಹಾಕಿಸ್ರಿ.

ಹೊಸ ಫರ್ನೇಸ್ ಬಂತು. ಮೊದಲ ದಿನ ಹಚ್ಚಿದಾಗ ಸುಟ್ಟ ವಾಸನಿ ಬಂದು ಹೊಗಿ ಅಲಾರ್ಮ್ ಬಡಕೊಂಡಿತು. (ನನ್ನ ಒಗ್ಗರಣಿಗೂ ಅದು ಬಡಕೋತದ, ಅದಕ್ಕ ಅಂಜಂಗಿಲ್ಲ ಈಗ.) ಕಾರ್ಬನ್ ಮೊನಾಕ್ಸೈಡಿಂದು ಬ್ಯಾರೆ ಅಲಾರ್ಮ್, ಅದನ್ನ ಮಲಗೋ ಖೋಲಿ ಹೊರಗ ಹಾಕಿಸಿ ಹೊಸ ಸೆಲ್ ಹಾಕಿಸಿದೆ. ಮನಿ 70 ಡಿಗ್ರಿಗೆ ಇಡ್ತೀವಿ. ಅದು ಇಲ್ಲಿ ಲೆಕ್ಕ, ನಮ್ಮ ಲೆಕ್ಕದಾಗ 21. ಫರ್ನೇಸ್ ಹತ್ತಿದ್ರ ಮೊದಲೇ ಒಣಗಿದ ಗಾಳಿ ಇನ್ನೂ ಒಣಗತದ, ಮೂಗಿನಾಗ ರಕ್ತ ಬರ್ತದ. ಅದಕ್ಕ ಕೂಸಿನ ಹಸಿ ಬಟ್ಟಿ ಖೋಲ್ಯಾಗನ ಹರವತೇನಿ. ಬಟ್ಟಿನೂ ಒಣಗಿದ್ವು, ಗಾಳಿಗೂ ಪಸಿ ಸಿಕ್ತು.

ಊರಿಂದ ತಂದ ಕೌದಿ ಬಾಣಂತಿಗೆ ಆತು. ಕೂಸಿಗೆ ಬ್ಯಾಡ, ಮಲಗಿದಾಗ ಸಡಲ ಹೊದಿಕಿ ಮೂಗು ಮುಚ್ಚತದ ಅಂತ ಡಾಕ್ಟರು ಹೇಳಿದ್ರು. ಜಿಪ್ ಇರೋ ಚೀಲದಂಥಾ ಅಂಗಿ ಹಾಕಿ ಮಲಗಸ್ತೀವಿ. ನಾ ಹೊಲದ ಕುಂಚಗಿ ಮಧ್ಯಾಹ್ನ ಬಿಸಲಿಗೆ ಎತ್ಕೊಂಡು ಹೋಗೂ ಹೊತ್ತಿಗೆ. ಫರ್ನೇಸಿನ ಫಿಲ್ಟರ್ ಇನ್ನೊಂದು ತಂದಿಟ್ಟೇವಿ, ಧೂಳಿನ ಊರು, ಜನವರಿ ಮುಗಿಯೂದ್ರಾಗ ಬದಲ ಮಾಡಬೇಕು.