ಉಪ್ಪಿನಕಾಯಿ ಕೆಟ್ಟಿಲ್ಲ ತಾನೇ?

“ಮುಚ್ಚಿಹೋದ ಅಂಗಡಿ ಮುಂದೆ ನಿಂತು ಅದೇನು ಫೋಟೋ ತೆಗೀತೀಯೇ? ನೋಡಿದವರು ನಗ್ತಾರೆ!”

ನಮ್ಮವರ ಈ ಗೊಣಗಾಟ ನನಗೇನೂ ಹೊಸದಲ್ಲ. ಕೆಲವರಿಗೆ ಅಂಚೆಚೀಟಿ ಕೂಡಿಡುವ ಹುಚ್ಚು, ಕೆಲವರಿಗೆ ರೇಷ್ಮೆ ಸೀರೆಯ ಹುಚ್ಚು. ನನಗೆ ಟೆಲಿಫೋನುಗಳ ಫೋಟೋ ತೆಗೆಯುವ ಹುಚ್ಚು. ಮದುವೆಗೆ ಹೋಗಲಿ, ಜಾತ್ರೆಗೆ ಹೋಗಲಿ, ಹಳದಿ ಹಲಗೆಯ ಮೇಲೆ ‘ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ.’ ಎಂಬ ಮಾಸಿದ ಅಕ್ಷರ ಕಂಡರೆ ಸಾಕು, ಕಾಲು ನಿಂತುಬಿಡುತ್ತದೆ. ಚೀಲದಿಂದ ಮೊಬೈಲು ಹೊರಗೆ ಬರುತ್ತದೆ. ಫೋನಿನಿಂದಲೇ ಫೋನಿನ ಫೋಟೋ!

ಮೊದಲು ತೆಗೆದದ್ದು ನಮ್ಮ ಅತ್ತೆಮನೆಯ ಕಪ್ಪು ಫೋನಿನದು. ಬೆಂಗಳೂರಿನಲ್ಲಿ 1948ರಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯ ಮಾಲು. ಎತ್ತಿದರೆ ಕೈ ನೋಯುವಷ್ಟು ಭಾರ. ಬೆರಳಿಟ್ಟು ತಿರುಗಿಸಿ ಬಿಟ್ಟರೆ ಒಂದಕ್ಕೆ ಒಂದು ‘ಟಕ್’, ಒಂಬತ್ತಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಈ ಎಣಿಕೆಯಿಂದಲೇ ಎಕ್ಸ್‌ಚೇಂಜಿಗೆ ನಂಬರು ತಿಳಿಯುತ್ತಿದ್ದದ್ದು. ಕಪ್ಪು ಫೋನಿನ ಫೋಟೋ ತೆಗೆಯುವಾಗ ಫ್ಲಾಷ್ ಹಾಕಲೇಬಾರದು, ಬರೀ ಹೊಳಪು ಬೀಳುತ್ತದೆ. ಕಿಟಕಿ ಪಕ್ಕ ಇಟ್ಟು, ಇನ್ನೊಂದು ಬದಿಗೆ ಬಿಳಿ ಪಂಚೆ ಹಿಡಿದರೆ ಡಯಲಿನ ಒಂದೊಂದು ತೂತೂ ಕಾಣುತ್ತದೆ.

1988ರಲ್ಲಿ ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ಆ ಫೋನು ಹಾಲಿನಲ್ಲಿ, ಮಾವನವರ ಆರಾಮಕುರ್ಚಿಯ ಪಕ್ಕದಲ್ಲಿತ್ತು. ಮೇಲೊಂದು ಕ್ರೋಶಾ ಹೊದಿಕೆ, ಡಯಲಿಗೊಂದು ಪುಟ್ಟ ಬೀಗ! ಬೀಗ ತೆಗೆಸಿಕೊಂಡರೂ ಎಲ್ಲರ ಎದುರಿಗೆ ಹೊಸ ಸೊಸೆ ಏನು ತಾನೇ ಮಾತಾಡಿಯಾಳು?

ತವರುಮನೆ ತೀರ್ಥಹಳ್ಳಿ ಕಡೆಯ ಹಳ್ಳಿ. ಅಲ್ಲಿಗಂತೂ ಕಾಗದವೇ ಗತಿ. ಆದರೆ ಕಾಲ ಬದಲಾಗುತ್ತಿತ್ತು. ಸಿ-ಡಾಟ್ ಸಂಸ್ಥೆಯವರು ಹಳ್ಳಿಗಳಿಗಾಗಿ ರೂಪಿಸಿದ ಎಕ್ಸ್‌ಚೇಂಜು ಮೊದಲು ಕೆಲಸ ಆರಂಭಿಸಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲೇ. ಧೂಳು, ಸೆಕೆ ಎಲ್ಲ ತಡೆದುಕೊಂಡು, ಏರ್‌ಕಂಡೀಷನ್ ಇಲ್ಲದೆ ನಡೆಯುವಂಥದ್ದು. 1991ರಲ್ಲಿ ನಮ್ಮೂರಿನ ಪಕ್ಕದ ಮನೆ ಹೆಗ್ಡೆಯವರಿಗೂ ಫೋನು ಬಂತು. ಅಪ್ಪ ಕಾಗದದ ಮೂಲೆಯಲ್ಲಿ ನಂಬರು ಬರೆದು, ಮುಂದೆ ‘ಪಿ.ಪಿ.’ ಎಂದು ಸೇರಿಸಿದ್ದರು. ಅಂದರೆ ಫೋನು ನಮ್ಮದಲ್ಲ, ಕರೆದರೆ ಬರುತ್ತೇವೆ ಅಂತ.

ಅಷ್ಟು ಹೊತ್ತಿಗೆ ನಮ್ಮ ಬೀದಿಯ ತುದಿಯಲ್ಲೂ ಎಸ್.ಟಿ.ಡಿ. ಬೂತಾಗಿತ್ತು. ಗಾಜಿನ ಬಾಗಿಲು, ಅಂಗೈಯಗಲದ ಫ್ಯಾನು, ಕಣ್ಣೆದುರಿಗೇ ಏರುವ ಕೆಂಪು ಅಂಕಿ. ಹೊರಗೆ ಸರದಿ ಕಾಯುವವರ ಸಾಲು. ಆದರೂ ಆ ಬಾಗಿಲು ಎಳೆದುಕೊಂಡಾಗ ಎಂಥ ಸಮಾಧಾನ! ಮದುವೆಯಾದ ಮೇಲೆ ನಾನೊಬ್ಬಳೇ ಒಳಗಿದ್ದು ಬಾಗಿಲು ಹಾಕಿಕೊಂಡ ಮೊದಲ ಕೋಣೆ ಅದು ಎಂದರೆ ನೀವು ನಗಬಹುದು. ಬಚ್ಚಲುಮನೆ ಬಿಟ್ಟರೆ ನಿಜವಾಗಿಯೂ ಅದೇ.

ನನ್ನ ಕಡೆ ಬಾಗಿಲಿತ್ತು, ಸರಿ. ಅಮ್ಮನ ಕಡೆ? ಅವಳು ಹೆಗ್ಡೆಯವರ ಜಗಲಿಯಲ್ಲಿ ನಿಂತು ಮಾತಾಡಬೇಕು. ಅದಕ್ಕೇ ನಾನು ತವರಿಗೆ ಹೋದಾಗ ಒಂದು ಉಪಾಯ ಹೇಳಿಕೊಟ್ಟಳು. “ಉಪ್ಪಿನಕಾಯಿ ಕೆಟ್ಟಿಲ್ಲ ತಾನೇ ಅಂತ ಕೇಳ್ತೀನಿ. ನೀನು ಸುಖವಾಗಿದ್ರೆ ‘ಕೆಟ್ಟಿಲ್ಲ’ ಅನ್ನು. ಏನಾದ್ರೂ ಇದ್ರೆ ‘ಬೂಸ್ಟು ಬಂದಿದೆ’ ಅನ್ನು.”

ಪ್ರತಿ ಭಾನುವಾರ ರಾತ್ರಿ ಅಮ್ಮ ಕೇಳುವಳು, “ಮಾವಿನಮಿಡಿ ಕೆಟ್ಟಿಲ್ಲ ತಾನೇ?” ನಾನು, “ಕೆಟ್ಟಿಲ್ಲಮ್ಮ.” ಅತ್ತೆಯವರ ಮಾತು ಚುಚ್ಚಿದ ವಾರವೂ ಕೆಟ್ಟಿಲ್ಲ, ಜ್ವರ ಬಂದ ವಾರವೂ ಕೆಟ್ಟಿಲ್ಲ. ಒಮ್ಮೆ ಮಾತ್ರ, 1992ರಲ್ಲಿ, ಮೂರು ತಿಂಗಳ ಬಸಿರು ಇಳಿದುಹೋದಾಗ, “ಬೂಸ್ಟು ಬಂದಿದೆಯಮ್ಮ” ಅಂದೆ. ಅಮ್ಮ ಒಂದು ಕ್ಷಣ ಸುಮ್ಮನಾದಳು. “ಬೇರೆ ತರ್ತೀನಿ ಬಿಡು” ಎಂದು ಫೋನಿಟ್ಟಳು. ಮರುದಿನ ಸಂಜೆ, ಭರಣಿ ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಹದಿನೈದು ದಿನ ಇದ್ದು ಬಾಣಂತಿಯಂತೆಯೇ ನೋಡಿಕೊಂಡಳು.

1996ರಲ್ಲಿ ಅಪ್ಪ ತೀರಿಕೊಂಡರು. ಎದೆನೋವು ಶುರುವಾಗಿ ಎಂಟು ತಿಂಗಳಾಗಿತ್ತಂತೆ. ನನಗೆ ಗೊತ್ತೇ ಇರಲಿಲ್ಲ. “ಯಾಕಮ್ಮ ಹೇಳಲಿಲ್ಲ?” ಅಂತ ಅತ್ತೆ. “ಫೋನಲ್ಲಿ ಹೇಗೆ ಹೇಳೋದೇ” ಅಂದಳು. ಜಗಲಿಯಲ್ಲಿ ಜನವಿದ್ದರಲ್ಲ, ಪಾಪ, ಎಂದುಕೊಂಡೆ.

ಅಮ್ಮನೂ ಹೋಗಿ ವರ್ಷಗಳಾದವು. ಈಚೆಗೆ ಊರಿಗೆ ಹೋದಾಗ ಹೆಗ್ಡೆಯವರ ಮನೆಯ ಫೋನಿನ ಗೂಡಿನ ಫೋಟೋ ಬೇಕೆಂದು ಕೇಳಿದೆ. ಫೋನು ಎಂದೋ ಹೋಗಿದೆ. ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ನಂಬರುಗಳ ಸಾಲು ಮಾತ್ರ ಇದೆ. ಅದರಲ್ಲಿ ನಮ್ಮ ಮನೆಯದೂ ಇತ್ತು. ಫೋಟೋ ತೆಗೆಯುತ್ತಿದ್ದಾಗ ಹೆಗಡ್ತಿಯಮ್ಮ ಹೇಳಿದರು: “ನಿನ್ನ ಫೋನು ಬಂದ್ರೆ ನಾವು ಯಾರೂ ಇಲ್ಲಿ ಕೂರ್ತಿರಲಿಲ್ಲ ಮಾರಾಯ್ತಿ. ತಾಯಿ ಮಗಳು ಮಾತಾಡ್ಲಿ ಅಂತ ಇವರು ಎಲ್ಲರನ್ನೂ ಹಿತ್ತಲಿಗೆ ಕಳಿಸೋರು.”

ಕೈ ನಡುಗಿ ಆ ಫೋಟೋ ಮಸುಕಾಯಿತು. ಜಗಲಿ ಖಾಲಿಯಿತ್ತು! ಅಮ್ಮ ಹೇಳಬಹುದಿತ್ತು. ಹೇಳದಿದ್ದದ್ದು ಯಾರಿಗೋ ಕೇಳಿಸುತ್ತದೆಂದಲ್ಲ, ನನಗೆ ಕೇಳಿಸುತ್ತದೆಂದು. ಇನ್ನೂ ಒಂದು ಮಾತು. ಅಷ್ಟು ವರ್ಷ ಅವಳು ನನ್ನ ಉಪ್ಪಿನಕಾಯಿಯನ್ನು ವಿಚಾರಿಸಿದಳು. “ನಿಂದು ಹೇಗಿದೆಯಮ್ಮ?” ಎಂದು ನಾನು ಒಂದು ಸಲವೂ ಕೇಳಲಿಲ್ಲ. ಕಣ್ಣು ಮೀಟರಿನ ಮೇಲಿರುತ್ತಿತ್ತು.

ಮಗಳು ಈಗ ಲಂಡನ್ನಿನಲ್ಲಿದ್ದಾಳೆ. ಹೋದ ಸಲ ಹೋಗಿದ್ದಾಗ ಅಲ್ಲಿನ ಕೆಂಪು ಬೂತುಗಳ ಫೋಟೋ ಮನದಣಿಯೆ ತೆಗೆದೆ. ಗೈಲ್ಸ್ ಗಿಲ್ಬರ್ಟ್ ಸ್ಕಾಟ್ ಎಂಬ ವಾಸ್ತುಶಿಲ್ಪಿ 1924ರಲ್ಲಿ ರೂಪಿಸಿದ್ದಂತೆ. ಗುಮ್ಮಟದಂಥ ಅದರ ತಲೆಗೆ, ಜಾನ್ ಸೋನ್ ಎನ್ನುವವರು ತಮ್ಮ ಹೆಂಡತಿಗಾಗಿ ಕಟ್ಟಿಸಿದ ಸಮಾಧಿಯೇ ಸ್ಫೂರ್ತಿ ಎನ್ನುತ್ತಾರೆ. ಈಗ ಎಷ್ಟೋ ಬೂತುಗಳನ್ನು ಊರಿನವರು 1 ಪೌಂಡಿಗೆ ದತ್ತು ಪಡೆದು ಪುಸ್ತಕದ ಕಪಾಟು ಮಾಡಿಕೊಂಡಿದ್ದಾರೆ. ನಮ್ಮ ಬೀದಿಯ ಬೂತು ಜೆರಾಕ್ಸ್ ಅಂಗಡಿಯಾಗಿದೆ. ಗಾಜಿನ ಬಾಗಿಲು ಮಾತ್ರ ಹಾಗೇ ಇದೆ.

ಮಗಳಿಗೆ ಈ ಕತೆಯೆಲ್ಲ ಹೇಳಿದೆ. ಸುಮ್ಮನೆ ಕೇಳಿದಳು. ಮೊನ್ನೆ ಭಾನುವಾರ ವಿಡಿಯೋ ಫೋನಿನಲ್ಲಿ ಎಂದಿನಂತೆ ಅವಳ ಊಟ, ಚಳಿ, ಕೆಲಸ ಎಲ್ಲ ವಿಚಾರಿಸಿ, “ಸರಿ, ಇಡ್ಲಾ?” ಅಂದೆ.

“ತಾಳಮ್ಮ,” ಅಂದಳು. “ನಿನ್ನ ಉಪ್ಪಿನಕಾಯಿ ಹೇಗಿದೆ?”

ಮಂಡಿನೋವಿನ ವಿಷಯ ಎರಡು ತಿಂಗಳಿಂದ ಮುಚ್ಚಿಟ್ಟಿದ್ದೆ. ಅಂದು ಹೇಳಿಬಿಟ್ಟೆ.